ಅಜ್ಜನ ಕ್ಷೌರದ ಕತ್ತಿ: ಪಟ್ಟಿಗೆ ಎಳೆದಷ್ಟೂ ಮೊಂಡಾಗ್ತಿದೆ, ಯಾಕೆ?

ಕಾಳಿದಂಡೆ (ಕಾರವಾರ), ಮೇ 12

ನಮಸ್ಕಾರ. ಹಳೇ ಕಾಲದ ವಿಷಯ, ನಗಬೇಡಿ.

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಅಜ್ಜನ ಟ್ರಂಕಿನಲ್ಲಿ ಕ್ಷೌರದ ಕತ್ತಿ ಸಿಕ್ಕಿತು. ಮಡಚುವ ಕತ್ತಿ, ಕಪ್ಪು ಹಿಡಿ. ಕೀಲಿನ ಹತ್ತಿರ ‘ಸೋಲಿಂಗನ್’ ಅಂತ ಅಚ್ಚು ಇದೆ, ಕತ್ತಿಗೆ ಹೆಸರಾದ ಜರ್ಮನಿಯ ಊರು ಅದು. ಅಲಗಿನ ಅಗಲ 16 ಮಿಲಿಮೀಟರ್. ಬೆನ್ನಿನ ಮೇಲೆ ಅಲ್ಲಲ್ಲಿ ತುಕ್ಕು ಬಿಟ್ಟರೆ ಬಾಯಿ ಚೆನ್ನಾಗಿಯೇ ಇತ್ತು. ಬೆಂಗಳೂರಿನಲ್ಲಿ ಈ ಹವ್ಯಾಸ ಇರುವ ಒಬ್ಬರಿಗೆ ಕೊರಿಯರ್ ಮಾಡಿ ಕಲ್ಲಿಗೆ ಹಾಕಿಸಿಕೊಂಡೆ.

ವಾಪಸ್ ಬಂದ ದಿನದ ಶೇವಿಂಗ್ ಮರೆಯಲ್ಲ. ಕತ್ತಿ ಕೆನ್ನೆ ಮೇಲೆ ಹೋದದ್ದೇ ಗೊತ್ತಾಗಲಿಲ್ಲ. ‘ಇನ್ನು ದಿನಾ ತೊಗಲಿನ ಪಟ್ಟಿಗೆ ಎಳೆದು ಬಳಸಿ, ಆರು ತಿಂಗಳು ಕಲ್ಲು ಬೇಡ’ ಅಂದಿದ್ದರು. ಸರಿ ಅಂತ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿಕೊಂಡು ಬಂದೆ. ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ಎಡಗೈಯಲ್ಲಿ ಹಿಡಿದು, ದಿನಾ ಲೆಕ್ಕ ಹಾಕಿ ನೂರು ಸಲ ಎಳೀತೀನಿ.

ಹತ್ತು ದಿನಕ್ಕೆ ಕತ್ತಿ ಕೂದಲು ಎಳೆಯೋಕೆ ಶುರು ಮಾಡಿತು. ಈಗಂತೂ ಗದ್ದದ ಹತ್ತಿರ ಬಂದರೆ ಕಣ್ಣಲ್ಲಿ ನೀರು. ನೂರರ ಬದಲು ಇನ್ನೂರು ಎಳೆದೆ, ಇನ್ನೂ ಹಾಳಾಯಿತು. ಪಟ್ಟಿ ಸರಿ ಇಲ್ವಾ, ಕತ್ತಿ ಸರಿ ಇಲ್ವಾ?

ಕರಿಈಶಾಡು (ಅಂಕೋಲಾ), ಮೇ 12

ಅಣ್ಣಾ, ಕತ್ತಿ ಮಸೀತಿದ್ದಾನೆ ಅಂದ್ರೆ ಪಕ್ಕದ ಮನೆಯವನ ಮೇಲೆ ಅಂತ ಇಷ್ಟು ದಿನ ತಿಳಿದಿದ್ದೆ. ನಿಜವಾಗ್ಲೂ ಮಸೆಯುವವರನ್ನು ಇವತ್ತೇ ನೋಡಿದ್ದು.

ಮನೆಯಲ್ಲಿ ಮೀನು ಕೊಯ್ಯೋ ಕತ್ತಿ ಉಜ್ಜೋ ಕಲ್ಲು ಇರುತ್ತಲ್ಲ, ಅದಕ್ಕೆ ನಾಲ್ಕು ಸಲ ಉಜ್ಜಿದರೆ ಆಗಲ್ವಾ?

ಕತ್ತರಿಮನೆ (ಕುಮಟಾ), ಮೇ 12

ಅಯ್ಯೋ, ದಯವಿಟ್ಟು ಆ ಕಲ್ಲಿಗೆ ಮುಟ್ಟಿಸಬೇಡಿ! ಬಂಗಡೆ ಕೊಯ್ಯೋಕೆ ಒರಟು ಬಾಯಿಯೇ ಚೆಂದ, ಕೆನ್ನೆಗೆ ಆಗಲ್ಲ. ಕ್ಷೌರದ ಕತ್ತಿಗೆ ಕಡೇಲಿ ಹಾಕೋದು 8,000 ಇಲ್ಲವೇ 12,000 ನಂಬರಿನ ಕಲ್ಲು, ಗಾಜಿನ ಹಾಗೆ ನುಣುಪಾಗಿರುತ್ತೆ.

ನಮ್ಮದು ಕ್ಷೌರದ ಅಂಗಡಿಯ ಮನೆ. ಅಪ್ಪ ಈಗ ಕೂತು ನೋಡ್ತಾರೆ, ನಾನು ನಡೆಸ್ತೀನಿ. ನಮ್ಮಲ್ಲಿ ಈಗ ಅರ್ಧ ಬ್ಲೇಡ್ ಹಾಕೋ ಕತ್ತಿಯೇ, ಗಿರಾಕಿಗೊಂದು ಹೊಸ ಬ್ಲೇಡ್. ಏಡ್ಸ್ ವಿಷಯ ಎಲ್ಲರ ಬಾಯಿಗೆ ಬಂದ ಮೇಲೆ ಅಪ್ಪ ಹಳೇ ಕತ್ತಿ ಪೆಟ್ಟಿಗೆಗೆ ಹಾಕಿದರು. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕೋದು ಸರಿಯಲ್ಲ ಅಂತ. ನೀವು ಮನೆಯಲ್ಲಿ ನಿಮಗೊಬ್ಬರಿಗೇ ಇಟ್ಟುಕೊಳ್ಳಿ, ಅಳಿಯ ಬಂದರೂ ಕೊಡಬೇಡಿ.

ಪಟ್ಟಿ ಮಾತ್ರ ಅಂಗಡಿಯಲ್ಲಿ ಈಗಲೂ ಇದೆ. ಕುರ್ಚಿಯ ಕೈಗೆ ಕೊಕ್ಕೆ, ಕೊಕ್ಕೆಗೆ ಪಟ್ಟಿ. ಚಿಕ್ಕವನಿದ್ದಾಗ ಒಳಮನೆಯಲ್ಲಿ ಓದ್ತಾ ಕೂತರೆ ಆ ಶಬ್ದದಿಂದಲೇ ಅಪ್ಪನ ಮೂಡು ಗೊತ್ತಾಗ್ತಿತ್ತು.

ನಾಲ್ಕು ಪ್ರಶ್ನೆ, ಉತ್ತರ ಕೊಡಿ. ಎಳೆಯುವಾಗ ಬೆನ್ನು ಮುಂದಾ, ಬಾಯಿ ಮುಂದಾ? ಪಟ್ಟಿ ಬಿಗಿಯಾಗಿದೆಯಾ, ಜೋಲುತ್ತಾ? ತುದಿಗೆ ಹೋದಾಗ ಕತ್ತಿ ಹೇಗೆ ಮಗುಚ್ತೀರಿ? ಪಟ್ಟಿಯ ಮೇಲೆ ಎಲ್ಲಾದ್ರೂ ಗಾಯ ಆಗಿದೆಯಾ?

ಕಾಳಿದಂಡೆ, ಮೇ 12

ಬೆನ್ನು ಮುಂದೆ, ಬಾಯಿ ಹಿಂದೆ. ಅಷ್ಟು ಗೊತ್ತಿದೆ. ಪಟ್ಟಿ ನಡುವೆ ಸ್ವಲ್ಪ ಜೋಲುತ್ತೆ, ತೊಗಲಲ್ವಾ? ಮಗುಚೋದು ಮಣಿಕಟ್ಟು ತಿರುಗಿಸಿ. ಗಾಯ ಒಂದಲ್ಲ, ಮೂರಿವೆ. ನನ್ನ ಕಡೆಯ ತುದಿಯಿಂದ ಒಂದು ಗೇಣು ದೂರದಲ್ಲಿ, ಮೀನಿನ ಹುರುಪೆ ಎದ್ದ ಹಾಗೆ ತೊಗಲು ಎದ್ದಿದೆ.

ಕತ್ತರಿಮನೆ, ಮೇ 12

ಸಿಕ್ಕಿತು. ಬಾಕಿ ರಾತ್ರಿ ಬರೀತೀನಿ, ಗಿರಾಕಿ ಕಾಯ್ತಿದ್ದಾರೆ.

ಬೆಟ್ಟಭೂಮಿ (ಶಿರಸಿ), ಮೇ 12

ಅವರು ಬರೋದರೊಳಗೆ ನಾನೊಂದಿಷ್ಟು ಬರೀತೀನಿ. ಎಂಟು ವರ್ಷದಿಂದ ಇಂಥದೇ ಕತ್ತಿಯಲ್ಲಿ ಶೇವ್ ಮಾಡ್ತಿದ್ದೇನೆ. ಮೊದಲ ವರ್ಷ ನಿಮ್ಮದೇ ಕಥೆ.

ಕ್ಷೌರದ ಕತ್ತಿಯ ಬೆನ್ನು ದಪ್ಪ ಇರೋದು ಗಟ್ಟಿತನಕ್ಕೆ ಮಾತ್ರ ಅಲ್ಲ. ಕತ್ತಿಯನ್ನು ಚಪ್ಪಟೆ ಮಲಗಿಸಿದಾಗ ಬೆನ್ನೂ ಬಾಯಿಯೂ ಒಟ್ಟಿಗೆ ತಾಗಬೇಕು. ಆಗ ಆ ಬೆನ್ನಿನ ದಪ್ಪವೇ ಕೋನ ಹಿಡಿದು ಕೊಡುತ್ತದೆ. ಅಡಿಗೆಮನೆ ಚಾಕುವಿಗೆ ಕೈಯಲ್ಲೇ ಕೋನ ಹಿಡಿಯಬೇಕು, ಇದಕ್ಕೆ ಬೇಡ. ಮಲಗಿಸಿದರೆ ಮುಗಿಯಿತು, ಏಳಿಸಬಾರದು. ಎಳೆದ ಕೊನೆಯಲ್ಲಿ ಬೆನ್ನು ಒಂದು ಕೂದಲಿನಷ್ಟು ಎದ್ದರೂ ಬಾಯಿ ತೊಗಲಿಗೆ ಒರಗಿ ಮೊಂಡಾಗುತ್ತದೆ. ನೂರು ಸಲ ಎಳೆದರೆ ನೂರು ಸಲ ಮೊಂಡು ಮಾಡಿದ ಹಾಗೆ. ಇನ್ನೂರು ಎಳೆದಾಗ ಇನ್ನೂ ಹಾಳಾಗಿದ್ದು ಅದಕ್ಕೇ.

ಜೋಲುವುದು ಅದಕ್ಕಿಂತ ದೊಡ್ಡ ತಪ್ಪು. ಪಟ್ಟಿ ಜೋತಾಗ ಕತ್ತಿ ಒಂದು ತಗ್ಗಿನಲ್ಲಿ ಕೂತಿರುತ್ತೆ. ಕತ್ತಿ ಮುಂದೆ ಹೋಗ್ತಿದ್ದ ಹಾಗೆ ಬಾಯಿಯ ಹಿಂದೆ ತೊಗಲು ಮೇಲಕ್ಕೆ ಬಾಗಿ ಅಂಚನ್ನು ಸುತ್ತಿಕೊಳ್ಳುತ್ತೆ. ಒತ್ತಿ ಎಳೆದರೂ ಅಷ್ಟೇ, ಬಿಗಿ ಪಟ್ಟಿಯಲ್ಲೂ ತಗ್ಗು ಬೀಳುತ್ತೆ. ಅದಕ್ಕೇ ಕತ್ತಿಯ ಭಾರ ಸಾಕು, ಕೈ ಭಾರ ಬೇಡ ಅನ್ನೋದು. ಒಂದು ಬೆರಳಿಂದ ಪಟ್ಟಿಯ ನಡುವೆ ಒತ್ತಿ ನೋಡಿ. ಹಸಿ ತೆಂಗಿನ ಗರಿಯ ಹಾಗೆ ಬಗ್ಗಿದರೆ ಸಡಿಲ. ವೀಣೆ ತಂತಿಯಷ್ಟು ಬಿಗಿ ಬೇಡ, ಬಟ್ಟೆ ಒಣಗಿಸೋ ಹಗ್ಗದಷ್ಟಾದರೂ ಇರಲಿ.

ಎರಡು ಇಂಚಿನ ಪಟ್ಟಿ ಅಂದಿರಿ. ನಿಮ್ಮ ಅಲಗು ಮೂರು ಇಂಚು ಉದ್ದ ಇರಬೇಕು. ನೇರವಾಗಿ ಎಳೆದರೆ ಒಂದು ಇಂಚು ಪಟ್ಟಿಯ ಹೊರಗೇ ಉಳಿಯಿತು! ಅದಕ್ಕೆ ಓರೆಯಾಗಿ ಎಳೀಬೇಕು. ಶುರುವಿನಲ್ಲಿ ಹಿಡಿ ಕಡೆಯ ಭಾಗ ಪಟ್ಟಿಯ ಮೇಲೆ. ಎಳೀತಾ ಕತ್ತಿಯನ್ನು ಹಿಡಿಯ ಕಡೆಗೆ ಸರಿಸುತ್ತಾ ಹೋಗಿ, ಕೊನೆ ಮುಟ್ಟುವಾಗ ಮೂತಿ, ಅಂದ್ರೆ ಅಲಗಿನ ತುದಿ, ಪಟ್ಟಿಯ ಮೇಲಿರಬೇಕು. ವಾಪಸ್ ಬರುವಾಗಲೂ ಹಾಗೇ.

ಕತ್ತರಿಮನೆ, ಮೇ 12 (ರಾತ್ರಿ)

ಬೆಟ್ಟದವರು ಅರ್ಧ ಕೆಲಸ ಮುಗಿಸಿದ್ದಾರೆ. ನಾನು ಮಗುಚೋದರ ಬಗ್ಗೆ ಮಾತ್ರ ಹೇಳ್ತೀನಿ. ನಿಮ್ಮ ಮೂರು ಗಾಯ ಅಲ್ಲಿಂದಲೇ ಬಂದದ್ದು.

ಊಟ ಆದ ಮೇಲೆ ಅಪ್ಪನ ಕೈಗೆ ಹಳೇ ಕತ್ತಿ ಕೊಟ್ಟು ಎಳೆಯೋಕೆ ಹೇಳಿ, ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದೆ. ಇಷ್ಟು ವರ್ಷ ನೋಡಿಯೂ ನೋಡದ ಒಂದು ವಿಷಯ ಕಂಡಿತು. ಅವರ ಮಣಿಕಟ್ಟು ಅಲ್ಲಾಡೋದೇ ಇಲ್ಲ. ಹಿಡಿ ಮತ್ತು ಅಲಗು ಒಂದೇ ಗೆರೆಯಲ್ಲಿ ಬಿಚ್ಚಿರುತ್ತೆ. ಕೀಲಿನ ಹತ್ತಿರದ ಸಣ್ಣ ಕುತ್ತಿಗೆ ಹೆಬ್ಬೆರಳು ತೋರುಬೆರಳ ನಡುವೆ. ತುದಿ ಬಂದಾಗ ಆ ಎರಡು ಬೆರಳು ಬೀಡಿ ಸುತ್ತಿದ ಹಾಗೆ ಕತ್ತಿಯನ್ನು ಉರುಳಿಸುತ್ತವೆ. ಉರುಳುವಾಗ ಬೆನ್ನು ತೊಗಲು ಬಿಡೋದಿಲ್ಲ. ಬಾಯಿ ಮೇಲೆದ್ದು ಆಚೆ ಮಗ್ಗುಲಿಗೆ ಮಲಗುತ್ತೆ.

ಇನ್ನೊಂದು. ಅವರು ನಿಲ್ಲಿಸಿ ಮಗುಚ್ತಾರೆ. ನಾವು ಕಲಿಯೋರು ಓಡುತ್ತಾ ಮಗುಚ್ತೀವಿ. ಕತ್ತಿ ಇನ್ನೂ ಬೆನ್ನು ಮುಂದಾಗಿ ಜಾರ್ತಿರುವಾಗಲೇ ಬಾಯಿ ತಿರುಗಿ ಮುಂದೆ ಬಂದರೆ ತೊಗಲಿಗೆ ಕಚ್ಚುತ್ತೆ. ಅದೇ ನಿಮ್ಮ ಮೀನಿನ ಹುರುಪೆ. ವೇಗ ಸಿನಿಮಾದವರಿಗೆ. ನೀವು ಮೊದಲ ತಿಂಗಳು ಒಂದು ಎಳೆತಕ್ಕೆ ಎರಡು ಸೆಕೆಂಡ್ ತಗೊಳ್ಳಿ.

ಪಟ್ಟಿ ಬಿಸಾಡಬೇಡಿ. ಎದ್ದ ಚೂರಿಗೆ ಕೆಳಗಡೆ ಒಂದು ಹನಿ ಗೋಂದು ಹಾಕಿ ಒತ್ತಿಡಿ. ಒಣಗಿದ ಮೇಲೆ 600 ನಂಬರಿನ ಉಪ್ಪು ಕಾಗದ ತಗೊಂಡು, ಎದ್ದ ಅಂಚು ಇಲ್ಲದ ಹಾಗೆ ಮೆಲ್ಲಗೆ ಉಜ್ಜಿ. ತಗ್ಗು ಉಳಿದರೆ ಪರವಾಗಿಲ್ಲ, ಉಬ್ಬು ಉಳಿಯಬಾರದು. ತಗ್ಗಿನ ಮೇಲೆ ಕತ್ತಿ ದಾಟಿ ಹೋಗುತ್ತೆ, ಉಬ್ಬಿಗೆ ಬಾಯಿ ಬಡಿಯುತ್ತೆ.

ಚೆಂಡೆಪೆಟ್ಟು (ಹೊನ್ನಾವರ), ಮೇ 13

ನಾನು ಹವ್ಯಾಸಕ್ಕೆ ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವವನು. ಆಟದ ದಿನ ಚೌಕಿಗೆ ಕೂರುವ ಮುಂಚೆ ಮುಖ ಮಗುವಿನ ಕೆನ್ನೆ ಹಾಗಿರಬೇಕು, ಇಲ್ಲದಿದ್ದರೆ ಬಣ್ಣ ಕೂರಲ್ಲ, ನೀಲಿ ನೆರಳು ಎದ್ದು ಕಾಣುತ್ತೆ. ಹಾಗಾಗಿ ಈ ಕತ್ತಿಯ ಹುಚ್ಚು ಹತ್ತಿತು.

ಯಾರೂ ಹೇಳದ ಒಂದು ಮಾತು. ಹಸಿರು ಪೇಸ್ಟ್ ಹಚ್ಚಿ. ಕ್ರೋಮಿಯಂ ಆಕ್ಸೈಡ್. ಪಟ್ಟಿಗೆ ತೆಳ್ಳಗೆ ಸವರಿ ಹತ್ತು ಸಲ ಎಳೆದರೆ ಬಾಯಿ ಬಂತು. ಇಷ್ಟು ಶಾಸ್ತ್ರ ಯಾಕೆ?

ಬೆಟ್ಟಭೂಮಿ, ಮೇ 13

ಭಾಗವತರೇ, ತಾಳ ತಪ್ಪಿತು. ಹಸಿರು ಪೇಸ್ಟ್ ಒಳ್ಳೆಯದೇ, ನನ್ನಲ್ಲೂ ಇದೆ. ಆದರೆ ಅದು ಅರ್ಧ ಮೈಕ್ರಾನ್ ಕಣದ ಸಾಣೆ, ಉಕ್ಕನ್ನು ಸವೆಸುತ್ತೆ. ಬರೀ ತೊಗಲು ಹೆಚ್ಚು ಸವೆಸಲ್ಲ, ಅಂಚನ್ನು ನೇರ ಮಾಡಿ ನುಣುಪು ಕೊಡುತ್ತೆ. ದಿನದ ಪಟ್ಟಿಗೆ ಪೇಸ್ಟ್ ಹಾಕಿದರೆ ಆಮೇಲೆ ತೆಗೆಯೋದು ಕಷ್ಟ. ಅದರ ಮೇಲೆ ಜೋಲುವ ಪಟ್ಟಿ, ಏಳುವ ಬೆನ್ನು ಸೇರಿದರೆ ಮೊಂಡಾಗೋದು ಇನ್ನೂ ಬೇಗ. ಪೇಸ್ಟಿಗೆ ಬೇರೆ ಪಟ್ಟಿ, ಅದೂ ಹಲಗೆಗೆ ಅಂಟಿಸಿದ್ದು, ತಿಂಗಳಿಗೊಮ್ಮೆ.

ಚೆಂಡೆಪೆಟ್ಟು, ಮೇ 13

ನಾನು ಭಾಗವತ ಅಲ್ಲ, ವೇಷಧಾರಿ. ಇರಲಿ. ನನ್ನದೂ ಹಲಗೆ ಪಟ್ಟಿಯೇ, ಅದನ್ನು ಹೇಳೋಕೆ ಮರೆತೆ. ಆದರೆ ಹೊಸಬರಿಗೆ ಹಲಗೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಜೋಲೋ ಪ್ರಶ್ನೆಯೇ ಇಲ್ಲ.

ಕತ್ತರಿಮನೆ, ಮೇ 13

ಒಪ್ಪಲ್ಲ. ಹಲಗೆಯಲ್ಲಿ ಕಲಿತವನ ಎಡಗೈ ಏನೂ ಕಲಿಯಲ್ಲ. ಪಟ್ಟಿಯಲ್ಲಿ ಎಡಗೈಯದ್ದೇ ಅರ್ಧ ಕೆಲಸ. ಈಜು ಕಲಿಯೋಕೆ ಟ್ಯೂಬ್ ಕಟ್ಟಿಕೊಂಡ ಹಾಗೆ ಅದು.

ಬೆಟ್ಟಭೂಮಿ, ಮೇ 13

ಟ್ಯೂಬ್ ಕಟ್ಟಿಕೊಂಡು ಕಲಿತವರೂ ಈಜ್ತಾರೆ ಮಾರಾಯ್ರೇ. ಒಂದು ತಿಂಗಳು ಹಲಗೆ, ಆಮೇಲೆ ತೂಗು ಪಟ್ಟಿ. ಜಗಳ ಬೇಡ.

ಕರಿಈಶಾಡು, ಮೇ 14

ನನಗೊಂದು ದಡ್ಡ ಪ್ರಶ್ನೆ. ಕೂದಲು ಮೆತ್ತಗೆ, ಉಕ್ಕು ಗಟ್ಟಿ. ಅಂದಮೇಲೆ ಕತ್ತಿ ಮೊಂಡಾಗೋದಾದ್ರೂ ಯಾಕೆ?

ಕೇಳಿ ಸುಮ್ನೆ ಕೂರದೆ ಹುಡುಕಿದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇದನ್ನೇ ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದಾರೆ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಂತೆ. ಆದರೂ ಕೂದಲು ಓರೆಯಾಗಿ ಬಾಗಿ ಅಂಚಿನ ಸಣ್ಣ ಬಿರುಕಿನ ಹತ್ತಿರ ತಾಗಿದರೆ ಉಕ್ಕು ಚಿಕ್ಕದಾಗಿ ಚಕ್ಕೆ ಏಳುತ್ತಂತೆ. ಅವರು ನೋಡಿದ್ದು ಬಿಸಾಡೋ ರೇಜರ್ ಬ್ಲೇಡು. ಮೀನು ಕಲ್ಲಿನ ಸಲಹೆ ಕೊಟ್ಟಿದ್ದಕ್ಕೆ ಇದು ಪ್ರಾಯಶ್ಚಿತ್ತ.

ಬೆಟ್ಟಭೂಮಿ, ಮೇ 14

ಒಳ್ಳೇದಾಯ್ತು. ಹಾಗಾಗಿ ಗಡ್ಡ ಚೆನ್ನಾಗಿ ನೆನೆಸೋದೂ ಕತ್ತಿಯ ಆರೈಕೆಯೇ. ನೆನೆದ ಕೂದಲು ಮೆತ್ತಗಾಗುತ್ತೆ. ಬಿಸಿ ನೀರು ಎರಡು ಮೂರು ನಿಮಿಷ, ಆಮೇಲೆ ಸೋಪು. ಕತ್ತಿ ಮುಖಕ್ಕೆ ಸುಮಾರು 30 ಡಿಗ್ರಿ ಓರೆ. ಜಾಸ್ತಿ ಎತ್ತಿದರೆ ಬಾಯಿಗೂ ಪೆಟ್ಟು, ಚರ್ಮಕ್ಕೂ ಪೆಟ್ಟು.

ಕಾಳಿದಂಡೆ, ಮೇ 20

ವರದಿ. ಪಟ್ಟಿ ಬಿಗಿ ಹಿಡಿದು, ನಿಲ್ಲಿಸಿ ಮಗುಚಿ, ಓರೆಯಾಗಿ ಎಳೆದು ಒಂದು ವಾರ ನೋಡಿದೆ. ಹೊಸ ಗಾಯ ಇಲ್ಲ. ಆದರೆ ಕತ್ತಿ ಇನ್ನೂ ಮೊಂಡೇ. ತೋಳಿನ ಕೂದಲ ಮೇಲೆ, ಚರ್ಮ ತಾಗದ ಹಾಗೆ, ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ಆಡಿಸಿದರೆ ಒಂದೂ ಕೂದಲು ಕಡಿಯಲ್ಲ.

ಕತ್ತರಿಮನೆ, ಮೇ 20

ಕಡಿಯಲ್ಲ. ಉರುಟಾದ ಅಂಚನ್ನು ತೊಗಲು ಸರಿ ಮಾಡಲ್ಲ, ಇರೋ ಹರಿತ ಕಾಯುತ್ತೆ ಅಷ್ಟೇ. ಒಮ್ಮೆ ಕಲ್ಲಿಗೆ ಹೋಗಲೇಬೇಕು. ನಮ್ಮಲ್ಲಿ ಆ ಕಲ್ಲು ಈಗಿಲ್ಲ.

ಬೆಟ್ಟಭೂಮಿ, ಮೇ 20

ನನ್ನಲ್ಲಿದೆ. ಶಿರಸಿಗೆ ಬಸ್ಸಿಗೆ ಕೊಟ್ಟು ಕಳಿಸಿ, ಇಲ್ಲವೇ ನೀವೇ ಬನ್ನಿ. ಮಳೆ ಹಿಡಿಯೋ ಮುಂಚೆ ಬಂದರೆ ದೇವಿಮನೆ ಘಟ್ಟದಲ್ಲಿ ಪರದಾಟ ಇಲ್ಲ.

ಕಾಳಿದಂಡೆ, ಜೂನ್ 3

ಹೋಗಿ ಬಂದೆ. ಬೆಟ್ಟದವರ ಮನೆಯಲ್ಲಿ ಕತ್ತಿಗಿಂತ ಜಾಸ್ತಿ ಹೊತ್ತು ತೊಡದೇವು ತಿಂದೆ.

ಕಲ್ಲಿನ ಕೆಲಸ ಪಕ್ಕ ಕೂತು ನೋಡಿದೆ. ಮೊದಲು ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಕಪ್ಪು ಹಚ್ಚಿದರು. ಕಲ್ಲಿನ ಮೇಲೆ ಎರಡು ಸಲ ಹೋಗಿ ಬಂದ ಮೇಲೆ ಎತ್ತಿ ತೋರಿಸಿದರು. ಅಂಚಿನ ಹಿಂಭಾಗದಲ್ಲಿ ಕಪ್ಪು ಹೋಗಿತ್ತು. ಕಟ್ಟಕಡೆಯ ಗೆರೆಯಲ್ಲಿ, ಕೂದಲಿನಷ್ಟು ಅಗಲ, ಕಪ್ಪು ಹಾಗೇ ಇತ್ತು. ‘ಕಲ್ಲು ಮುಟ್ಟದ ಆ ಗೆರೆಯೇ ನೀವು ನೂರು ಸಲ ಎಳೆದು ಉರುಟು ಮಾಡಿದ್ದು’ ಅಂದರು. ನಾಚಿಕೆ ಆಯಿತು. ಅದು ಹೋಗೋವರೆಗೆ 4,000, ಆಮೇಲೆ 8,000, ಕಡೆಗೆ 12,000. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬಾಯಿ ಹಿಂದೆ. ಇದನ್ನು ಅದಲು ಬದಲು ಮಾಡಿದರೆ ಪಟ್ಟಿ ಎರಡು ತುಂಡು.

ಈಗ ದಿನಾ ಮೊದಲು ಹತ್ತಿ ಕ್ಯಾನ್ವಾಸ್ ಮೇಲೆ 20, ಆಮೇಲೆ ತೊಗಲಿನ ಮೇಲೆ 40. ಹೋಗಿ ಬಂದರೆ ಒಂದು ಲೆಕ್ಕ.

ಚೆಂಡೆಪೆಟ್ಟು, ಜೂನ್ 3

ಶೇವ್ ಆದ ಮೇಲೆ ಕತ್ತಿಗೆ ಒಂದು ದಿನ ವಿಶ್ರಾಂತಿ ಕೊಡಬೇಕು ಅಂತಾರಲ್ಲ, ನಿಜವಾ?

ಕತ್ತರಿಮನೆ, ಜೂನ್ 4

ಹಳಬರು ಹಾಗೇ ಹೇಳೋರು. ಯುರೋಪಿನಲ್ಲಿ ಏಳು ಕತ್ತಿಯ ಪೆಟ್ಟಿಗೆಯನ್ನೇ ಮಾರ್ತಿದ್ದರು, ಒಂದೊಂದರ ಬೆನ್ನಿಗೆ ಒಂದೊಂದು ವಾರದ ಹೆಸರು. ಅಪ್ಪನ ಹತ್ತಿರ ಮೂರಿದ್ದವು. ವಿಶ್ರಾಂತಿಗೆ ಅಂತ ಅಲ್ಲ, ಗಿರಾಕಿ ಜಾಸ್ತಿ ಇದ್ದಾಗ ನಡುವೆ ಪಟ್ಟಿಗೆ ಎಳೆಯೋಕೆ ಪುರುಸೊತ್ತಿರಲಿಲ್ಲ. ಉಕ್ಕಿಗೆ ನಿದ್ದೆ ಬೇಕು ಅಂತ ನಾನು ನಂಬಲ್ಲ.

ಬೆಟ್ಟಭೂಮಿ, ಜೂನ್ 14

ಮಳೆ ಹಿಡಿದಿದೆ. ಕರಾವಳಿಯವರು ಒಂದು ವಿಷಯ ನೋಡಿಕೊಳ್ಳಿ. ಹಳೇ ಕತ್ತಿ ಇಂಗಾಲದ ಉಕ್ಕು, ಸ್ಟೇನ್‌ಲೆಸ್ ಅಲ್ಲ. ಉಪ್ಪುಗಾಳಿ, ಮೂರು ಸಾವಿರ ಮಿಲಿಮೀಟರ್ ಮಳೆ ಬೀಳೋ ಊರು. ಬಾಯಿಗೆ ಕಣ್ಣಿಗೆ ಕಾಣದ ತುಕ್ಕು ಬಂದರೂ ಸಾಕು, ಹರಿತ ಹೋಯಿತು. ಬಚ್ಚಲಲ್ಲಿ ಇಡಬೇಡಿ. ಒರೆಸಿ, ಕ್ಯಾನ್ವಾಸಿನ ಮೇಲೆ ಹತ್ತು ಸಲ ಎಳೆದು, ಒಂದು ತಾಸು ಬಿಚ್ಚಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕೀಲಿನೊಳಗೂ. ಮರುದಿನ ಎಣ್ಣೆ ಒರೆಸಿಯೇ ಪಟ್ಟಿಗೆ.

ಪಟ್ಟಿಗೆ ಬೂಷ್ಟು ಬರೋದು ಖಂಡಿತ. ನಮ್ಮಲ್ಲಿ ಪ್ಯಾಂಟಿನ ಬೆಲ್ಟಿಗೆ, ಪರ್ಸಿಗೆ ಎಲ್ಲದಕ್ಕೂ ಬರುತ್ತೆ. ಸುತ್ತಿಡಬೇಡಿ, ಗಾಳಿಗೆ ತೂಗು ಹಾಕಿ. ಬಂದರೆ ಒಣಬಟ್ಟೆಯಲ್ಲಿ ಒರೆಸಿ. ಬಿಸಿಲಿಗೆ, ಒಲೆ ಮೇಲೆ ಬೇಡ, ಸಿಡಿಯುತ್ತೆ. ಕೊಬ್ಬರಿ ಎಣ್ಣೆ ಸುರಿಯೋ ಆಸೆ ಆಗುತ್ತೆ, ಬೇಡ. ಎಳೆಯೋ ಮುಂಚೆ ಅಂಗೈಯಿಂದ ಹತ್ತು ಸಲ ಉಜ್ಜಿ. ಅಂಗೈ ಬಿಸಿ, ಅಂಗೈ ಜಿಡ್ಡು, ಅಷ್ಟು ಸಾಕು ತೊಗಲಿಗೆ.

ಕಾಳಿದಂಡೆ, ಜುಲೈ 9

ಐದು ವಾರ ಆಯಿತು. ಕೆನ್ನೆ, ಗದ್ದ, ಕುತ್ತಿಗೆ ಎಲ್ಲ ಬೆಣ್ಣೆ. ಮೂಗಿನ ಕೆಳಗೆ ಮಾತ್ರ ಸ್ವಲ್ಪ ಎಳೆಯುತ್ತೆ. ಪಟ್ಟಿಯ ಫೋಟೋ ಹಾಕಿದ್ದೇನೆ, ಬೂಷ್ಟು ಬಂದಿಲ್ಲ ನೋಡಿ.

ಕತ್ತರಿಮನೆ, ಜುಲೈ 9

ಬೂಷ್ಟು ಬಿಡಿ. ಫೋಟೋ ದೊಡ್ಡದು ಮಾಡಿ ನೋಡಿ. ಪಟ್ಟಿಯ ಬಲ ಅಂಚು ಕನ್ನಡಿ ಹಾಗೆ ಹೊಳೀತಿದೆ, ಎಡ ಅರ್ಧ ಮಂಕು. ಅಂದ್ರೆ ನಿಮ್ಮ ಭಾರ ಹಿಡಿಯ ಕಡೆ ಬೀಳ್ತಿದೆ, ಮೂತಿ ತೊಗಲನ್ನು ಬರೀ ಸವರಿ ಹೋಗ್ತಿದೆ. ಮೂಗಿನ ಕೆಳಗೆ ನೀವು ಬಳಸೋದು ಅದೇ ಮೂತಿ ತಾನೇ?

ಎಡಗೈ ಪಟ್ಟಿಯನ್ನು ತಿರುಚ್ತಿದೆಯಾ ಅಂತಲೂ ನೋಡಿ. ಮಡಚಿದ ಮೊಣಕೈ ಪಕ್ಕೆಗೆ ಒತ್ತಿ ಹಿಡಿದರೆ ತಿರುಚಲ್ಲ.

ಕಾಳಿದಂಡೆ, ಜುಲೈ 9

ಈಗಲೇ ಎಳೆದು ನೋಡಿದೆ. ಶಬ್ದವೇ ಬೇರೆ ಬಂತು. ಇಷ್ಟು ದಿನ ಸರ್ರ್ ಅಂತಿತ್ತು, ಈಗ ಮೆಲ್ಲಗೆ ಟಿಣ್ ಅನ್ನೋ ಹಾಗೆ. ಆದರೆ ಹತ್ತರಲ್ಲಿ ಮೂರು ಸಲ ಮಾತ್ರ.

ಕತ್ತರಿಮನೆ, ಜುಲೈ 10

ಅಪ್ಪನಿಗೆ ಓದಿ ಹೇಳಿದೆ. ‘ಆ ಹುಡುಗನಿಗೆ ಕತ್ತಿ ತಗೊಂಡು ಬರೋಕೆ ಹೇಳು’ ಅಂದರು. ನಿಮಗೆ ಐವತ್ತು ದಾಟಿದೆ ಅಂತ ನಾನು ಹೇಳಲಿಲ್ಲ. ಮಂಗಳವಾರ ಬನ್ನಿ, ಅಂಗಡಿ ರಜೆ. ಪಟ್ಟಿ ತರಬೇಡಿ, ಕುರ್ಚಿಗೆ ಕಟ್ಟಿದ್ದು ಇದೆ.